ಎಲ್ಲೆಡೆ ಒಂದೇ ಥರ ಕಾಣಬೇಕೆಂಬ ಹಟ

ವೆಬ್‌ಸೈಟ್ ಮಾಡಿಸುವ ಕರಾರುಗಳಲ್ಲಿ, ಟೆಂಡರು ಪತ್ರಗಳಲ್ಲಿ ಒಂದು ಸಾಲು ಯಾರೂ ಯೋಚಿಸದೆ ನಕಲಾಗುತ್ತಲೇ ಬಂದಿದೆ: ಪುಟವು ಎಲ್ಲ ಬ್ರೌಸರ್‌ಗಳಲ್ಲೂ ಒಂದೇ ರೀತಿ ಕಾಣತಕ್ಕದ್ದು. ಬರೆದವರಿಗೆ ಅದು ಗುಣಮಟ್ಟದ ಖಾತರಿಯಂತೆ ತೋರಿರಬಹುದು. ಅದನ್ನು ಅಕ್ಷರಶಃ ಪಾಲಿಸಹೊರಟವರು ಏನೇನು ಮಾಡಬೇಕಾಯಿತು ಎನ್ನುವುದೇ ವೆಬ್ ವಿನ್ಯಾಸದ ಅರ್ಧ ಇತಿಹಾಸ. ನನ್ನ ವಾದ ಇಷ್ಟು: ಆ ಸಾಲು ತಪ್ಪು. ಬ್ರೌಸರ್‌ಗಳ ನಡುವಿನ ವ್ಯತ್ಯಾಸವನ್ನು ಮರೆಮಾಚಲು ಪಟ್ಟ ಶ್ರಮದಲ್ಲಿ ಬಹುಪಾಲು ನೀರುಪಾಲಾಗಿದೆ, ಸ್ವಲ್ಪ ಭಾಗ ವೆಬ್‌ಗೇ ಕೆಡುಕು ಮಾಡಿದೆ. ವ್ಯತ್ಯಾಸ ಇರುತ್ತದೆ ಎಂದು ಒಪ್ಪಿಕೊಂಡು ಕಟ್ಟಿದ ಪುಟಗಳೇ ಬಾಳಿಕೆ ಬಂದಿವೆ.

ವ್ಯತ್ಯಾಸ ಎಂದರೆ ಎಂಥದು ಎಂಬುದನ್ನು ಒಂದು ಕೂಡಿಸುವ ಲೆಕ್ಕದಿಂದಲೇ ನೋಡಬಹುದು. ಪುಟದ ಎಡಬದಿಗೆ 300 ಪಿಕ್ಸೆಲ್ ಅಗಲದ ಒಂದು ಪೆಟ್ಟಿಗೆ ಬೇಕು ಎನ್ನಿ. ಬರಹ ಅಂಚಿಗೆ ತಾಗದಿರಲಿ ಎಂದು ಎರಡೂ ಪಕ್ಕ 20 ಪಿಕ್ಸೆಲ್ ಪ್ಯಾಡಿಂಗ್, ಸುತ್ತಲೂ 5 ಪಿಕ್ಸೆಲ್ ಗೆರೆ. ಈಗ ಪೆಟ್ಟಿಗೆಯ ಒಟ್ಟು ಅಗಲ ಎಷ್ಟು? 1996ರ ಡಿಸೆಂಬರಿನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ ಹೊರಡಿಸಿದ, ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಶಿಫಾರಸಿನ ಪ್ರಕಾರ 300 ಎಂಬುದು ಬರಹದ ಜಾಗ ಮಾತ್ರ. ಪ್ಯಾಡಿಂಗ್, ಗೆರೆ ಹೊರಗಿನಿಂದ ಸೇರಿ ಒಟ್ಟು 350. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಲೆಕ್ಕ ಬೇರೆ. ಅದಕ್ಕೆ 300 ಎಂದರೆ ಈ ಗೆರೆಯ ಹೊರಗಿನಿಂದ ಆ ಗೆರೆಯ ಹೊರಗಿನವರೆಗೆ 300. ಬರಹಕ್ಕೆ ಉಳಿಯುವುದು 250. ಮೂರು ಅಂಕಣದ ಪುಟದಲ್ಲಿ ಹೀಗೆ 50 ಪಿಕ್ಸೆಲ್ ಆಚೀಚೆಯಾದರೆ ಮೂರನೇ ಅಂಕಣ ಜಾಗ ಸಾಲದೆ ಪುಟದ ಕೆಳಗೆ ಜಾರಿ ಕೂರುತ್ತದೆ. ಆ ಕಾಲದಲ್ಲಿ ಪುಟ ಕಟ್ಟಿದವರಿಗೆಲ್ಲ ಈ ಜಾರುವಿಕೆ ಪರಿಚಿತ.

ಯಾರು ಸರಿ? ಶಿಫಾರಸನ್ನು ಪಾಲಿಸದ್ದರಿಂದ ಮೈಕ್ರೋಸಾಫ್ಟ್ ತಪ್ಪಿತಸ್ಥ ಎಂದು ಅಂದು ಎಲ್ಲರೂ ಬೈದರು. 2001ರಲ್ಲಿ ಬಂದ ಆರನೇ ಆವೃತ್ತಿ ಸರಿಯಾಗಿ ಬರೆದ ಪುಟಗಳಲ್ಲಿ ಶಿಫಾರಸಿನ ಲೆಕ್ಕಕ್ಕೇ ಬಂದು ನಿಂತಿತು. ವಿಚಿತ್ರ ಆಗಿದ್ದು ಅದರ ನಂತರ. ಪೆಟ್ಟಿಗೆಯ ಅಗಲ ಹೇಳುವಾಗ ಗೆರೆಯನ್ನೂ ಸೇರಿಸಿ ಹೇಳುವುದೇ ಮನುಷ್ಯರಿಗೆ ಸಹಜ ಎಂಬುದು ಕ್ರಮೇಣ ಮನವರಿಕೆಯಾಯಿತು. ಯಾವ ಲೆಕ್ಕ ಬೇಕೆಂದು ಪುಟವೇ ಆರಿಸಿಕೊಳ್ಳಲು ಬಾಕ್ಸ್-ಸೈಜಿಂಗ್ ಎಂಬ ಗುಣ ಸಿಎಸ್‌ಎಸ್‌ಗೆ ಸೇರಿತು. 2012ರಲ್ಲಿ ವೆಬ್ ಡೆವಲಪರ್ ಪಾಲ್ ಐರಿಷ್ ಎಲ್ಲ ಪೆಟ್ಟಿಗೆಗಳಿಗೂ ಬಾರ್ಡರ್-ಬಾಕ್ಸ್ ಲೆಕ್ಕವನ್ನೇ ಹಚ್ಚಿ ಎಂದು ಬರೆದಾಗ ಜನ ಹೌದೆಂದರು. ಇವತ್ತು ಬೂಟ್‌ಸ್ಟ್ರಾಪ್, ಟೇಲ್‌ವಿಂಡ್‌ನಂಥ ಸಾಧನಗಳು ತಮ್ಮ ಕೆಲಸ ಶುರುಮಾಡುವುದೇ ಈ ಲೆಕ್ಕದಿಂದ. ಅಂದರೆ ತಪ್ಪು ಬ್ರೌಸರಿನ ತಪ್ಪು ಲೆಕ್ಕವೇ ಕೊನೆಗೆ ವೃತ್ತಿಯ ರೂಢಿಯಾಯಿತು. ಎರಡು ಬ್ರೌಸರ್‌ಗಳು ಬೇರೆಬೇರೆ ಉತ್ತರ ಕೊಟ್ಟಾಗ ಒಂದು ಕೆಟ್ಟಿದೆ ಎಂದೇ ಅರ್ಥವಲ್ಲ. ಅನೇಕ ಸಲ ಪ್ರಶ್ನೆಗೇ ಎರಡು ಒಪ್ಪುವಂಥ ಉತ್ತರಗಳಿರುತ್ತವೆ, ಯಾವುದು ಮೇಲು ಎಂಬುದು ಬಳಕೆಯಲ್ಲಿ ಪಳಗಿದ ಮೇಲಷ್ಟೇ ತಿಳಿಯುತ್ತದೆ.

ಅಂದಿನವರಿಗೆ ಕಾಯುವ ವ್ಯವಧಾನ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಗಿರಾಕಿಗೆ ಪುಟ ಒಪ್ಪಿಸಬೇಕಿತ್ತು. ಮೊದಲ ಉಪಾಯ ಟೇಬಲ್. ಅಂಕಿಅಂಶ ತೋರಿಸಲೆಂದು ಇದ್ದ ಕೋಷ್ಟಕದ ಮನೆಗಳೊಳಗೆ ಇಡೀ ಪುಟವನ್ನು ತುಂಬಿ, ಜಾಗ ಹಿಗ್ಗಿಸಲು ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರವನ್ನು ಅಲ್ಲಲ್ಲಿ ತುರುಕುವುದು. ಸಿಎಸ್‌ಎಸ್ ನಂಬಿದವರಿಗೆ ನೆಟ್‌ಸ್ಕೇಪ್ 4 ಕೊಟ್ಟ ಕಾಟ ಇನ್ನೊಂದು ಬಗೆಯದು: ಜಾವಾಸ್ಕ್ರಿಪ್ಟ್ ಆರಿಸಿದರೆ ಅದರಲ್ಲಿ ಸಿಎಸ್‌ಎಸ್ ಕೂಡ ಆರಿಹೋಗುತ್ತಿತ್ತು. ಆಮೇಲೆ ಬಂದವು ಹ್ಯಾಕ್‌ಗಳು. ಪೆಟ್ಟಿಗೆಯ ಲೆಕ್ಕಕ್ಕೆ ಟಾಂಟೆಕ್ ಚೆಲಿಕ್ ಕಂಡುಹಿಡಿದ ಹ್ಯಾಕ್ ಅವುಗಳಲ್ಲೆಲ್ಲ ಪ್ರಸಿದ್ಧ. ಆತ ಮೈಕ್ರೋಸಾಫ್ಟ್‌ನಲ್ಲೇ ಇದ್ದು ಮ್ಯಾಕ್‌ಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಎಂಜಿನ್, ಎಂದರೆ ಪುಟವನ್ನು ಪರದೆಗೆ ತರುವ ಒಳಭಾಗ, ಕಟ್ಟಿದಾತ. 2000ದಲ್ಲಿ ಬಂದ ಆ ಬ್ರೌಸರ್ ಸಿಎಸ್‌ಎಸ್‌ನ ಮೊದಲ ಶಿಫಾರಸನ್ನು ಹೆಚ್ಚುಕಡಿಮೆ ಪೂರ್ತಿ ಪಾಲಿಸುತ್ತಿತ್ತು. ಅದೇ ಹೆಸರಿನ ವಿಂಡೋಸ್ ಬ್ರೌಸರ್ ಪಾಲಿಸುತ್ತಿರಲಿಲ್ಲ. ಹ್ಯಾಕ್‌ನ ತಂತ್ರ ಹೀಗೆ: ಮೊದಲು ವಿಂಡೋಸ್‌ಗೆ ಬೇಕಾದ ಅಗಲ ಬರೆಯುವುದು; ಮುಂದಿನ ಸಾಲಿನಲ್ಲಿ ವಾಯ್ಸ್-ಫ್ಯಾಮಿಲಿ ಎಂಬ ಗುಣಕ್ಕೆ ಉದ್ಧರಣ ಚಿಹ್ನೆಯನ್ನೂ ಆವರಣವನ್ನೂ ಬೆರೆಸಿದ ಒಂದು ಬೆಲೆ ಕೊಡುವುದು; ಅದನ್ನು ತಪ್ಪಾಗಿ ಓದಿಕೊಂಡ ವಿಂಡೋಸ್ ಬ್ರೌಸರ್ ನಿಯಮ ಇಲ್ಲಿಗೆ ಮುಗಿಯಿತೆಂದು ತಿಳಿದು ಮುಂದಿನದನ್ನು ಬಿಟ್ಟುಬಿಡುತ್ತದೆ; ಆ ಮುಂದಿನ ಸಾಲಿನಲ್ಲೇ ಉಳಿದವರಿಗೆ ಸರಿಯಾದ ಅಗಲ. ವಾಯ್ಸ್-ಫ್ಯಾಮಿಲಿ ಇದ್ದದ್ದು ಪುಟವನ್ನು ಗಟ್ಟಿಯಾಗಿ ಓದುವ ಯಂತ್ರಕ್ಕೆ ದನಿ ಆರಿಸಲು. ದನಿಯ ಗುಣದಿಂದ ಪೆಟ್ಟಿಗೆಯ ಅಗಲ ತಿದ್ದಿದ ಈ ಚಾತುರ್ಯವನ್ನು ಮೆಚ್ಚದಿರುವುದು ಕಷ್ಟ. ಅದು ಕಲಿಯಬೇಕಾದ ವಿದ್ಯೆಯಾಗಿತ್ತು ಎನ್ನುವುದು ಮಾತ್ರ ದುರದೃಷ್ಟ.

ಆರನೇ ಆವೃತ್ತಿಯ ಕಾಲಕ್ಕೆ ಈ ವಿದ್ಯೆ ಪೂರ್ತಿ ಮಂತ್ರವಾದವೇ ಆಯಿತು. ಎಡಕ್ಕೆ ತೇಲಿಸಿದ ಪೆಟ್ಟಿಗೆಗೆ 10 ಪಿಕ್ಸೆಲ್ ಎಡ ಮಾರ್ಜಿನ್ ಕೊಟ್ಟರೆ 20 ಆಗುತ್ತಿತ್ತು. ಪರಿಹಾರ: ಡಿಸ್‌ಪ್ಲೇ ಇನ್‌ಲೈನ್ ಎಂದು ಬರೆಯಿರಿ. ತೇಲುವ ಪೆಟ್ಟಿಗೆಗೆ ಆ ಮಾತಿನಿಂದ ನಿಯಮದ ಪ್ರಕಾರ ಏನೂ ಆಗಬಾರದು, ಆದರೂ ಮಾರ್ಜಿನ್ ಸರಿಹೋಗುತ್ತಿತ್ತು. ಫ್ಲೋಟ್‌ನ ಪಕ್ಕದ ಬರಹ ಇದ್ದಕ್ಕಿದ್ದಂತೆ ಮಾಯವಾಗಿ ಪುಟ ಸರಿಸಿದರೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಪರಿಹಾರ: ಎತ್ತರ ಶೇ 1 ಎಂದು ಬರೆಯಿರಿ, ಇಲ್ಲವೇ ಜೂಮ್ 1. ಹಿನ್ನೆಲೆಯ ಕಾರಣ ಹ್ಯಾಸ್‌ಲೇಔಟ್ ಎಂಬ ಒಂದು ಒಳಗುಟ್ಟು. ಕೆಲವು ಪೆಟ್ಟಿಗೆಗಳು ತಮ್ಮ ಅಳತೆಯನ್ನು ತಾವೇ ನೋಡಿಕೊಳ್ಳುತ್ತಿದ್ದವು, ಕೆಲವು ತಂದೆಪೆಟ್ಟಿಗೆಯನ್ನು ನಂಬಿಕೊಂಡಿದ್ದವು, ಜೂಮ್ 1 ಎಂದರೆ ಎರಡನೆಯದು ಮೊದಲನೆಯ ಗುಂಪಿಗೆ ಸೇರುತ್ತಿತ್ತು. ಇದನ್ನು ಅರಿತು ಬಳಸಿದವರು ಕೆಲವರು. ಉಳಿದವರದು ತಾಯಿತ ಕಟ್ಟುವ ಶ್ರದ್ಧೆ.

ಇಂಥ ಹ್ಯಾಕ್‌ಗಳ ಮೇಲೆ ನನ್ನ ಆಕ್ಷೇಪ ಅವು ಕುರೂಪವಾಗಿವೆ ಎಂಬುದಲ್ಲ. ಅವು ಎರಡು ಸಂಬಂಧವಿಲ್ಲದ ತಪ್ಪುಗಳನ್ನು ಗಂಟುಹಾಕುತ್ತವೆ. ಸಿಎಸ್‌ಎಸ್ ಓದುವಾಗಿನ ಒಂದು ಎಡವಟ್ಟನ್ನು ಹಿಡಿದು, ಲೇಔಟ್ ಮಾಡುವಾಗಿನ ಮತ್ತೊಂದು ಎಡವಟ್ಟನ್ನು ತಿದ್ದುತ್ತವೆ. ಉದಾಹರಣೆಗೆ, ಪುಟದ ಬೇರಿನಲ್ಲಿರುವ ಎಚ್‌ಟಿಎಂಎಲ್ ಅಂಗಕ್ಕೆ ತಂದೆಯಿಲ್ಲ. ಆರನೇ ಆವೃತ್ತಿಯವರೆಗಿನ ಎಕ್ಸ್‌ಪ್ಲೋರರ್‌ಗಳು ಮಾತ್ರ ಇದ್ದಾನೆಂದು ಭಾವಿಸುತ್ತಿದ್ದವು, ಹಾಗಾಗಿ ಅಂಗದ ಹೆಸರಿಗೆ ಮೊದಲು ಒಂದು ನಕ್ಷತ್ರ ಹಾಕಿದರೆ ಆ ನಿಯಮ ಅವಕ್ಕಷ್ಟೇ ಕೇಳಿಸುತ್ತಿತ್ತು. ಏಳನೇ ಆವೃತ್ತಿಯಲ್ಲಿ ಓದಿನ ತಪ್ಪು ತಿದ್ದಿಹೋದಾಗ ಲೇಔಟಿನ ತಪ್ಪುಗಳೆಲ್ಲ ಅದೇ ಹೊತ್ತಿಗೆ ತಿದ್ದಿರುತ್ತವೆಂಬ ಭರವಸೆ ಏನು? ಅದು ಹೊರಬರುವ ಒಂದು ವರ್ಷ ಮೊದಲೇ, 2005ರ ಅಕ್ಟೋಬರಿನಲ್ಲಿ, ಎಕ್ಸ್‌ಪ್ಲೋರರ್ ತಂಡ ದಯವಿಟ್ಟು ನಿಮ್ಮ ಹ್ಯಾಕ್‌ಗಳನ್ನು ತೆಗೆಯಿರಿ, ಪುಟಗಳು ಮುರಿಯುತ್ತವೆ ಎಂದು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಬ್ರೌಸರನ್ನು ತಿದ್ದುವುದೇ ಅಪಾಯವಾಗುವ ಸ್ಥಿತಿಯನ್ನು ನಾವೇ ತಂದಿಟ್ಟುಕೊಂಡಿದ್ದೆವು.

ಇದಕ್ಕಿಂತ ಕೆಟ್ಟ ದಾರಿ ಬ್ರೌಸರಿನ ಹೆಸರು ಕೇಳುವುದು. ಪ್ರತಿ ಬ್ರೌಸರೂ ಪುಟ ಬೇಡುವಾಗ ತನ್ನ ಪರಿಚಯದ ಒಂದು ಸಾಲು ಕಳಿಸುತ್ತದೆ. ಅದನ್ನು ಓದಿ, ನೀನು ಇಂಥವನಾದರೆ ಈ ಲೇಔಟ್, ಅಂಥವನಾದರೆ ಆ ಲೇಔಟ್ ಎಂದು ಬಡಿಸುವುದು ಮೇಲ್ನೋಟಕ್ಕೆ ಸರಳ. ಪರಿಣಾಮ ಏನಾಯಿತು ನೋಡಿ. ಒಳ್ಳೆಯ ಪುಟ ನೆಟ್‌ಸ್ಕೇಪ್‌ಗೆ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಎಕ್ಸ್‌ಪ್ಲೋರರ್ ತನ್ನನ್ನೂ ನೆಟ್‌ಸ್ಕೇಪ್‌ನಂತೆಯೇ ಮೊಜಿಲ್ಲಾ ಎಂದು ಕರೆದುಕೊಂಡಿತು. ಆಮೇಲೆ ಬಂದವರೂ ಅದೇ ಜಾಡು ಹಿಡಿದರು; ಇಂದಿನ ಕ್ರೋಮ್ ತನ್ನ ಪರಿಚಯದಲ್ಲಿ ಮೊಜಿಲ್ಲಾ, ಆಪಲ್‌ವೆಬ್‌ಕಿಟ್, ಗೆಕ್ಕೊದಂತೆ, ಕ್ರೋಮ್, ಸಫಾರಿ ಎಂದು ಇಡೀ ವಂಶಾವಳಿಯನ್ನೇ ಹೇಳುತ್ತದೆ. ಒಪೆರಾ ಹತ್ತನೇ ಆವೃತ್ತಿಗೆ ಬಂದಾಗ ಮೊದಲ ಅಂಕಿಯನ್ನಷ್ಟೇ ಓದುತ್ತಿದ್ದ ಪುಟಗಳು ಅದನ್ನು ಒಂದನೇ ಆವೃತ್ತಿ ಎಂದುಕೊಂಡವು. ಪಾಪ, ಅದು ತನ್ನದೇ ಎಂಜಿನ್ ಬಿಡುವವರೆಗೂ 9.80 ಎಂದೇ ಹೇಳಿಕೊಂಡು ತಿರುಗಿತು. ತೀರಾ ಈಚೆಗೆ, 2023ರಲ್ಲಿ, ಫೈರ್‌ಫಾಕ್ಸ್ 110ಕ್ಕೆ ಕಾಲಿಟ್ಟಾಗ ತನ್ನ ಪರಿಚಯದ ಒಂದು ಅಂಕಿಯನ್ನು 109ರಲ್ಲೇ ನಿಲ್ಲಿಸಿಕೊಳ್ಳಬೇಕಾಯಿತು. ಏಕೆಂದರೆ ಆ ಜಾಗದಲ್ಲಿ 11 ಎಂದು ಶುರುವಾಗುವ ಅಂಕಿ ಕಂಡರೆ ಇದು ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಎಂದು ತೀರ್ಮಾನಿಸುವ ಪುಟಗಳು ಇನ್ನೂ ಇದ್ದವು. ಹೆಸರು ಕೇಳುವ ಚಾಳಿ ಎಲ್ಲ ಬ್ರೌಸರ್‌ಗಳಿಗೂ ಸುಳ್ಳು ಹೇಳುವುದನ್ನು ಕಲಿಸಿತು, ಎಲ್ಲರೂ ಸುಳ್ಳು ಹೇಳಿದ ಮೇಲೆ ಹೆಸರಿಗೆ ಅರ್ಥವೇ ಉಳಿಯಲಿಲ್ಲ.

ಹೆಸರಿನ ಇನ್ನೊಂದು ರೂಪ ವೆಂಡರ್ ಪ್ರಿಫಿಕ್ಸ್. ಪ್ರಯೋಗದ ಹಂತದಲ್ಲಿರುವ ಗುಣಗಳ ಮುಂದೆ ಪ್ರತಿ ಕಂಪನಿ ತನ್ನ ಗುರುತು ಹಾಕಲಿ, ಪ್ರಯೋಗ ಪಕ್ವವಾದ ಮೇಲೆ ಗುರುತು ಕಳಚಲಿ ಎಂಬುದು ಉದ್ದೇಶ. ಐಫೋನ್ ಬಂದ ಮೇಲೆ ಮೊಬೈಲ್ ಪುಟಗಳನ್ನೆಲ್ಲ ಆಪಲ್‌ನ ವೆಬ್‌ಕಿಟ್ ಗುರುತಿನಿಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ರೂಢಿಯಾಯಿತು. 2012ರಲ್ಲಿ ಸಿಎಸ್‌ಎಸ್ ಕಾರ್ಯತಂಡದ ಸಹಾಧ್ಯಕ್ಷರಾಗಿದ್ದ ಡೇನಿಯಲ್ ಗ್ಲಾಜ್‌ಮನ್ ಇದನ್ನು ನಿಲ್ಲಿಸಿ ಎಂದು ಬಹಿರಂಗವಾಗಿ ಮೊರೆಯಿಟ್ಟರು. ಯಾರೂ ನಿಲ್ಲಿಸಲಿಲ್ಲ. ಅದೇ ವರ್ಷ ಒಪೆರಾ ವೆಬ್‌ಕಿಟ್ ಗುರುತಿನ ಗುಣಗಳನ್ನು ತಾನೂ ಒಪ್ಪಲು ಶುರುಮಾಡಿತು, 2016ರಲ್ಲಿ ಫೈರ್‌ಫಾಕ್ಸ್ ಕೂಡ. ಒಂದು ಲೇಖನದ ಶೀರ್ಷಿಕೆಯನ್ನು ಎರಡೇ ಸಾಲಿಗೆ ಕತ್ತರಿಸಿ ಕೊನೆಗೆ ಮೂರು ಚುಕ್ಕೆ ಹಾಕಬೇಕಾದರೆ ಇವತ್ತಿಗೂ ವೆಬ್‌ಕಿಟ್ ಗುರುತಿನ ಲೈನ್-ಕ್ಲ್ಯಾಂಪ್ ಬರೆಯುತ್ತೇವೆ, ಅದರೊಡನೆ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್‌ನ 2009ರ, ಸತ್ತು ಎಷ್ಟೋ ಕಾಲವಾದ ವ್ಯಾಕರಣವನ್ನೂ ಬರೆಯುತ್ತೇವೆ. ತಾತ್ಕಾಲಿಕ ಎಂದದ್ದು ಶಾಶ್ವತವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಈ ಲೈನ್-ಕ್ಲ್ಯಾಂಪ್ ಕನ್ನಡಕ್ಕೆ ಮಾಡುವ ಅಪಚಾರದ ಮಾತು ಮುಂದೆ ಬರುತ್ತದೆ.

ಹಾಗಾದರೆ ದಾರಿ ಯಾವುದು? ಸಿಎಸ್‌ಎಸ್‌ನ ಮೊದಲ ಶಿಫಾರಸಿನಲ್ಲೇ ಒಂದು ನಿಯಮವಿದೆ, ಅದರ ಮಹತ್ವ ವೃತ್ತಿಗೆ ಅರ್ಥವಾಗಲು ಹದಿನೈದು ವರ್ಷ ಹಿಡಿಯಿತು: ನಿನಗೆ ಅರ್ಥವಾಗದ್ದು ಕಂಡರೆ ಗಲಾಟೆ ಮಾಡದೆ ಬಿಟ್ಟು ಮುಂದೆ ಓದು. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಗೊತ್ತಿಲ್ಲದ ಪದ ಬಂದರೆ ಎಲ್ಲ ನಿಂತುಹೋಗುತ್ತದೆ. ಸಿಎಸ್‌ಎಸ್‌ನಲ್ಲಿ ಆ ಒಂದು ಸಾಲಷ್ಟೇ ಬಿದ್ದುಹೋಗುತ್ತದೆ. ಆದ್ದರಿಂದ ಹಳಬರಿಗೆ ತಿಳಿಯುವ ಸಾಲು ಮೊದಲು, ಹೊಸಬರಿಗೆ ಮಾತ್ರ ತಿಳಿಯುವ ಸಾಲು ಅದರ ಕೆಳಗೆ ಬರೆದರೆ ಸಾಕು. ಹಳಬರು ಎರಡನೆಯದನ್ನು ಬಿಡುತ್ತಾರೆ, ಹೊಸಬರು ಎರಡನೆಯದನ್ನು ಹಿಡಿಯುತ್ತಾರೆ. ಇಲ್ಲಿ ಯಾರ ಹೆಸರನ್ನೂ ಕೇಳಿಲ್ಲ, ಯಾರ ದೌರ್ಬಲ್ಯವನ್ನೂ ದುರುಪಯೋಗ ಮಾಡಿಲ್ಲ. 2013ರ ಹೊತ್ತಿಗೆ ಬಂದ ಸಪೋರ್ಟ್ಸ್ ನಿಯಮ ಇದನ್ನೇ ಇನ್ನೂ ಬಾಯಿಬಿಟ್ಟು ಹೇಳಿತು: ನಿನಗೆ ಗ್ರಿಡ್ ಗೊತ್ತಿದ್ದರೆ ಈ ಭಾಗ ಓದು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ, ಅರ್ಥವಾಗದ್ದರಿಂದ ಇಡೀ ಭಾಗವನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ನಮಗೆ ಬೇಕಾಗಿದ್ದೂ ಅದೇ.

ಗ್ರಿಡ್‌ನ ಕತೆಯಲ್ಲಿ ಈ ವಿಧಾನದ ಬೆಲೆ ಗೊತ್ತಾಗುತ್ತದೆ. ಪುಟವನ್ನು ಅಡ್ಡಸಾಲು, ಕಂಬಸಾಲುಗಳಾಗಿ ಹಂಚುವ ಈ ಪದ್ಧತಿಯ ಮೊದಲ ರೂಪ 2012ರ ಎಕ್ಸ್‌ಪ್ಲೋರರ್ 10ರಲ್ಲೇ ಇತ್ತು, ಮೈಕ್ರೋಸಾಫ್ಟ್‌ನ ಗುರುತಿನೊಂದಿಗೆ. ಬೇರೆಯವರಲ್ಲಿ ಇಲ್ಲದ್ದರಿಂದ ಯಾರೂ ಬಳಸಲಿಲ್ಲ. ಯಾರೂ ಬಳಸದ್ದರಿಂದ ಬೇರೆಯವರು ಅವಸರ ಮಾಡಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಸ್ಥಿತಿ. ಬ್ಲೂಮ್‌ಬರ್ಗ್ ಕಂಪನಿ ಹಣ ಕೊಟ್ಟು, ಸ್ಪೇನಿನ ಇಗಾಲಿಯಾ ಎಂಬ ನೌಕರರೇ ಒಡೆಯರಾದ ಸಂಸ್ಥೆ ವೆಬ್‌ಕಿಟ್ ಮತ್ತು ಬ್ಲಿಂಕ್ ಎಂಜಿನ್‌ಗಳಲ್ಲಿ ಅದನ್ನು ಕಟ್ಟಿತು. 2017ರ ಮಾರ್ಚ್ ಒಂದೇ ತಿಂಗಳಲ್ಲಿ ಫೈರ್‌ಫಾಕ್ಸ್ 52, ಕ್ರೋಮ್ 57, ಸಫಾರಿ 10.1 ಮೂರರಲ್ಲೂ ಗ್ರಿಡ್ ಬಂತು, ಈ ಬಾರಿ ಯಾವ ಗುರುತೂ ಇಲ್ಲದೆ. ಆದರೂ ಹಳೆಯ ಬ್ರೌಸರ್‌ಗಳು ಜನರ ಕೈಯಲ್ಲಿ ಇನ್ನೂ ವರ್ಷಗಟ್ಟಲೆ ಇರುತ್ತವೆ. ಒಂದೇ ಥರ ಕಾಣಬೇಕು ಎಂದ ಗಿರಾಕಿಗಳ ಪುಟಗಳು ಆ ವರ್ಷಗಳಷ್ಟೂ ಫ್ಲೋಟ್‌ಗಳಲ್ಲೇ ಉಳಿದವು. ಹಳಬರಿಗೆ ಒಂದೇ ಅಂಕಣ ಸಾಕು ಎಂದು ಒಪ್ಪಿದವರು ಮರುದಿನದಿಂದಲೇ ಗ್ರಿಡ್ ಬಳಸಿದರು.

ಹಳೆಯ ಬ್ರೌಸರಿನವರಿಗೆ ಸಪ್ಪೆ ಪುಟ ಕೊಡುವುದು ತಾರತಮ್ಯವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. 2017ರಲ್ಲಿ ಬಂದ ಜಿಯೋಫೋನ್ ನೆನಪಿಸಿಕೊಳ್ಳಿ. ಅದರ ಕಾಯ್‌ಓಎಸ್‌ನ ಬ್ರೌಸರ್ ಫೈರ್‌ಫಾಕ್ಸ್‌ನ 48ನೇ ಆವೃತ್ತಿಯ ಎಂಜಿನ್ ಮೇಲೆ ನಿಂತದ್ದು, ಗ್ರಿಡ್ ಬಂದದ್ದು 52ರಲ್ಲಿ. ಪರದೆ 240 ಅಡ್ಡ, 320 ಉದ್ದ. ಮೊದಲ ಬಾರಿಗೆ ಅಂತರ್ಜಾಲ ಕಂಡ ಎಷ್ಟೋ ಮನೆಗಳಿಗೆ ಅದೇ ಬ್ರೌಸರ್. ಆ ಪರದೆಯಲ್ಲಿ ಮೂರು ಅಂಕಣದ ಪುಟವನ್ನು ಯಥಾವತ್ತಾಗಿ ತೋರಿಸುವುದು ಸಮಾನತೆಯೇ? ಅಲ್ಲಿ ಒಂದೇ ಅಂಕಣವೇ ಓದಲು ತಕ್ಕದ್ದು. ಗ್ರಿಡ್ ಗೊತ್ತಿದ್ದರೂ ಹಾಗೇ ಮಾಡಬೇಕಿತ್ತು. ನಿಜವಾದ ತಾರತಮ್ಯ ನಡೆದದ್ದು ಬೇರೆ ಕಡೆ: ಒಂದೇ ರೂಪ ಎಲ್ಲೆಡೆ ಬರಲೆಂದು ಜಾವಾಸ್ಕ್ರಿಪ್ಟ್‌ನಿಂದ ಲೇಔಟ್ ಮಾಡಿಸಿ, ಆ ಭಾರಕ್ಕೆ ಸಣ್ಣ ಫೋನಿನಲ್ಲಿ ಪುಟವೇ ತೆರೆಯದಂತೆ ಮಾಡಿದ ಕಡೆ. ಓದುಗನಿಗೆ ಸಲ್ಲಬೇಕಾದದ್ದು ಸುದ್ದಿ, ಅರ್ಜಿ, ಬೆಲೆ, ಫಲಿತಾಂಶ. ಅದು ತಪ್ಪಿದರೆ ಅನ್ಯಾಯ. ಅಂಕಣದ ಸಂಖ್ಯೆ ಬೇರೆಯಾದರೆ ಅನ್ಯಾಯವಿಲ್ಲ.

ಈ ವಿಧಾನ ಎಲ್ಲ ಕಡೆ ಕೈಹಿಡಿಯುತ್ತದೆ ಎಂದೇನೂ ನಾನು ಹೇಳುವುದಿಲ್ಲ. ಪೆಟ್ಟಿಗೆಗಳ ನಡುವೆ ಸಂದು ಬಿಡುವ ಗ್ಯಾಪ್ ಎಂಬ ಗುಣ ಗ್ರಿಡ್‌ನಲ್ಲಿ ಮೊದಲು ಬಂತು, ಫ್ಲೆಕ್ಸ್‌ಬಾಕ್ಸ್‌ನಲ್ಲಿ ತಡವಾಗಿ. ಸಫಾರಿಗೆ ಬಂದದ್ದು 2021ರ ಏಪ್ರಿಲ್‌ನಲ್ಲಿ. ನಡುವಿನ ಕಾಲದಲ್ಲಿ ನಿನಗೆ ಗ್ಯಾಪ್ ಗೊತ್ತೇ ಎಂದು ಕೇಳಿದರೆ ಸಫಾರಿ ಗೊತ್ತು ಎನ್ನುತ್ತಿತ್ತು, ಗ್ರಿಡ್‌ನ ಮಟ್ಟಿಗೆ ಅದು ಸತ್ಯವೂ ಹೌದು. ಫ್ಲೆಕ್ಸ್‌ಬಾಕ್ಸ್‌ನಲ್ಲಿ ಮಾತ್ರ ಪೆಟ್ಟಿಗೆಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತಿದ್ದವು. ಐಫೋನಿನ ಎತ್ತರದ ತೊಂದರೆ ಇನ್ನೊಂದು. ಪರದೆಯ ಪೂರ್ತಿ ಎತ್ತರ ಎಂದು 100 ವಿಎಚ್ ಬರೆದರೆ, ವಿಳಾಸಪಟ್ಟಿ ಮಡಚಿಕೊಂಡಾಗ ಎಷ್ಟು ಜಾಗ ಸಿಗುತ್ತದೋ ಅಷ್ಟನ್ನು ಅದು ಲೆಕ್ಕ ಹಿಡಿಯುತ್ತಿತ್ತು. ಪಟ್ಟಿ ಬಿಚ್ಚಿಕೊಂಡಿದ್ದಾಗ ಪುಟದ ತಳದ ಗುಂಡಿ ಅದರ ಹಿಂದೆ ಅಡಗುತ್ತಿತ್ತು. ಇದು ಅಲಂಕಾರದ ಮಾತಲ್ಲ, ಹಣ ಪಾವತಿಸುವ ಗುಂಡಿಯೇ ಕಾಣದ ಮಾತು. ಇಲ್ಲಿ ಹ್ಯಾಕ್ ಮಾಡದೆ ವಿಧಿಯಿರಲಿಲ್ಲ, ಮಾಡಿದೆವು. 2022ರಲ್ಲಿ ಸಣ್ಣ ಎತ್ತರ, ದೊಡ್ಡ ಎತ್ತರ, ಬದಲಾಗುವ ಎತ್ತರ ಎಂದು ಮೂರು ಹೊಸ ಅಳತೆಗಳು ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಬಂದ ಮೇಲೆ ಅದನ್ನು ಕಿತ್ತೆಸೆಯಬಹುದಾಯಿತು. ಮಲೆನಾಡಿನ ಬಡಗಿ ಬಾಗಿಲು ಕೂರಿಸುವಾಗ ಮಳೆಗಾಲಕ್ಕೆ ಮರ ಉಬ್ಬುತ್ತದೆಂದು ಚೌಕಟ್ಟಿನಲ್ಲಿ ಸ್ವಲ್ಪ ಸಡಿಲ ಬಿಡುತ್ತಾನೆ; ಬೇಸಗೆಯಲ್ಲಿ ಕಾಣುವ ಆ ಸಂದನ್ನು ಯಾರೂ ಕೆಲಸದ ದೋಷ ಎನ್ನುವುದಿಲ್ಲ. ಲೇಔಟಿನಲ್ಲೂ ಬಿಡಬೇಕಾದ ಸಡಿಲ ಅಂಥದೇ: ಎತ್ತರವನ್ನು ಬಿಗಿಯದೆ ಕನಿಷ್ಠ ಎತ್ತರ ಹೇಳುವುದು, ಅಗಲಕ್ಕೆ ಗರಿಷ್ಠ ಹೇಳುವುದು, ಉಳಿದದ್ದನ್ನು ಬ್ರೌಸರಿಗೆ ಬಿಡುವುದು.

ನನ್ನ ವಾದಕ್ಕೆ ಬರುವ ಬಲವಾದ ಪ್ರತಿವಾದ ಬೇರೆಯೇ ಇದೆ. ಇಷ್ಟೆಲ್ಲ ಯಾಕೆ, ಎಲ್ಲರೂ ಒಂದೇ ಎಂಜಿನ್ ಬಳಸಿದರೆ ತೊಂದರೆಯೇ ಮುಗಿಯಿತಲ್ಲ? ಪರಿಸ್ಥಿತಿ ಆ ಕಡೆಗೇ ಸಾಗಿದೆ ಕೂಡ. ಒಪೆರಾ 2013ರಲ್ಲಿ ತನ್ನ ಪ್ರೆಸ್ಟೊ ಎಂಜಿನ್ ಕೈಬಿಟ್ಟಿತು. ಮೈಕ್ರೋಸಾಫ್ಟ್ 2018ರ ಡಿಸೆಂಬರಿನಲ್ಲಿ ಸೋಲೊಪ್ಪಿ ಎಡ್ಜ್ ಅನ್ನು ಗೂಗಲ್‌ನ ಕ್ರೋಮಿಯಮ್ ಮೇಲೆ ಕೂರಿಸುವುದಾಗಿ ಸಾರಿತು. ಬಳಕೆಯಲ್ಲಿ ಲೆಕ್ಕಕ್ಕೆ ಬರುವ ಎಂಜಿನ್‌ಗಳು ಇಂದು ಮೂರೇ: ಗೂಗಲ್‌ನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕ್ಕೊ. ಅದರಲ್ಲೂ ಐಫೋನಿನಲ್ಲಿ ಕ್ರೋಮ್ ಎಂದು ಹೆಸರು ಬರೆದುಕೊಂಡದ್ದೂ ಒಳಗೆ ವೆಬ್‌ಕಿಟ್ ಆಗಿರಬೇಕೆಂಬುದು ಆಪಲ್‌ನ ಕಟ್ಟಳೆಯಾಗಿತ್ತು. 2024ರಲ್ಲಿ ಐರೋಪ್ಯ ಒಕ್ಕೂಟದ ಕಾನೂನಿಗೆ ಮಣಿದು ಅಲ್ಲಿ ಬೇರೆ ಎಂಜಿನ್‌ಗೆ ಅವಕಾಶ ಕೊಟ್ಟಿತು. ಎಂಜಿನ್ ಕಡಿಮೆಯಾದಷ್ಟೂ ಪರೀಕ್ಷೆಯ ಖರ್ಚು ಕಡಿಮೆ, ಡೆವಲಪರ್‌ಗೆ ನೆಮ್ಮದಿ. ಇದನ್ನು ಸುಳ್ಳೆನ್ನಲು ಸಾಧ್ಯವಿಲ್ಲ.

ಆದರೆ ಒಂದೇ ಎಂಜಿನ್ ಇದ್ದ ಕಾಲವನ್ನು ನಾವು ಒಮ್ಮೆ ಬಾಳಿ ನೋಡಿದ್ದೇವೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಜನರ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್. 2001ರ ಆಗಸ್ಟ್‌ನಲ್ಲಿ ಆರನೆಯದು ಬಂತು, ಏಳನೆಯದು 2006ರ ಅಕ್ಟೋಬರಿಗೆ. ನಡುವಿನ ಐದು ವರ್ಷ ಅದರ ತಪ್ಪುಗಳೇ ವೆಬ್‌ನ ನಿಯಮಗಳಾಗಿದ್ದವು. ನಾವು ಈಗಲೂ ಹಳಿಯುವ ಹ್ಯಾಸ್‌ಲೇಔಟ್, ಎರಡು ಪಟ್ಟಾಗುವ ಮಾರ್ಜಿನ್ ಇವೆಲ್ಲ ಬಹುಕಾಲ ಬಾಳಿದ್ದು ಬ್ರೌಸರ್‌ಗಳು ಬಹಳವಿದ್ದವೆಂದಲ್ಲ, ಇದ್ದ ಒಂದಕ್ಕೆ ಎದುರಾಳಿ ಇರಲಿಲ್ಲವೆಂದು. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಹೊರಬಂದ ಮೇಲಷ್ಟೇ ಆ ಕಡೆ ಕದಲಿಕೆ ಕಂಡಿತು. ದಕ್ಷಿಣ ಕೊರಿಯಾ ಇನ್ನೂ ಆಳಕ್ಕೆ ಸಿಕ್ಕಿಕೊಂಡಿತ್ತು. ತನ್ನದೇ ಗೂಢಲಿಪಿ ಪದ್ಧತಿಯನ್ನು ಎಕ್ಸ್‌ಪ್ಲೋರರ್‌ನಲ್ಲಷ್ಟೇ ನಡೆಯುವ ಆಕ್ಟಿವ್‌ಎಕ್ಸ್ ಮೂಲಕ ಅಳವಡಿಸಿದ್ದರಿಂದ ಬ್ಯಾಂಕಿಗೂ ಸರ್ಕಾರಿ ಕೆಲಸಕ್ಕೂ ಎಕ್ಸ್‌ಪ್ಲೋರರ್ ಬಿಟ್ಟರೆ ಗತಿಯಿಲ್ಲವಾಯಿತು. ಅದರ ಮೇಲೆ ನಿಂತಿದ್ದ ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆಯನ್ನು ಕಳಚಲು 2020ರ ಡಿಸೆಂಬರಿನವರೆಗೂ ಕಾಯಬೇಕಾಯಿತು. ಒಂದೇ ಎಂಜಿನ್‌ನ ಅನುಕೂಲಕ್ಕೆ ಬಿಲ್ಲು ತಡವಾಗಿ ಬರುತ್ತದೆ.

ಕನ್ನಡದವರಿಗೆ ಇದು ದೂರದ ಮಾತಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಭಾರತೀಯ ಭಾಷೆಗಳ ಸುದ್ದಿತಾಣಗಳು ಡೈನಮಿಕ್ ಫಾಂಟ್ ಎಂಬ ಉಪಾಯದ ಮೇಲೆ ನಿಂತಿದ್ದವು: ಎಕ್ಸ್‌ಪ್ಲೋರರ್‌ಗೆ ಇಒಟಿ ಎಂಬ ಬಗೆಯ ಫಾಂಟ್ ಕಡತ, ನೆಟ್‌ಸ್ಕೇಪ್‌ಗೆ ಪಿಎಫ್‌ಆರ್ ಎಂಬ ಬಗೆಯದು. ಒಳಗಿದ್ದದ್ದು ಲ್ಯಾಟಿನ್ ಸಂಕೇತಗಳು, ಮೇಲೆ ಹೊದಿಸಿದ್ದು ಕನ್ನಡದ ಅಕ್ಷರರೂಪ. ಹೊದಿಕೆ ಸಿಗದ ಬ್ರೌಸರಿನಲ್ಲಿ ಕನ್ನಡ ಪತ್ರಿಕೆಯ ಮುಖಪುಟ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಸಿಗದು, ನಕಲು ಮಾಡಿ ಅಂಟಿಸಿದರೆ ಓದಲಾಗದು. ಕನ್ನಡ ಕಂಡರೆ ಸಾಕು ಎಂಬ ಹಟಕ್ಕೆ ಕನ್ನಡದ ಪಠ್ಯವನ್ನೇ ಬಲಿಕೊಟ್ಟ ಲೇಔಟ್ ಹ್ಯಾಕ್ ಅದು; ಆ ಕಾಲದ ಬರಹದಲ್ಲಿ ಎಷ್ಟೋ ಭಾಗ ಇವತ್ತು ಹುಡುಕಾಟಕ್ಕೆ ಎಟುಕುವುದಿಲ್ಲ.

ಯೂನಿಕೋಡ್ ಬಂದ ಮೇಲೂ ಒಂದೇ ಥರ ಕಾಣುವುದು ಕನ್ನಡದಲ್ಲಿ ಆಗದ ಮಾತು. ಫಾಂಟ್ ಜತೆಗೆ ಕಳಿಸದಿದ್ದರೆ ಹಳೆಯ ವಿಂಡೋಸ್‌ನಲ್ಲಿ ತುಂಗಾ, ಹೊಸದರಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೊ, ಆಪಲ್‌ನಲ್ಲಿ ಕನ್ನಡ ಸಂಗಮ್. ಅಕ್ಷರದ ಅಗಲ, ಒತ್ತು ಇಳಿಯುವ ಆಳ ಒಂದೊಂದರಲ್ಲಿ ಒಂದೊಂದು. ಬ್ರೌಸರ್ ಒಂದೇ ಆದರೂ ಸಾಲು ಬೇರೆ ಜಾಗದಲ್ಲಿ ಮುರಿಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಸಾಲಿನ ಎತ್ತರ 1.2 ಎಂದು ಬಿಗಿದ ಪುಟದಲ್ಲಿ ‘ವೈಶಿಷ್ಟ್ಯ’ದ ಕೆಳಗಿನ ಒತ್ತುಗಳು ಮುಂದಿನ ಸಾಲಿನ ತಲೆಗಟ್ಟಿಗೆ ತಾಗುತ್ತವೆ. ಶೀರ್ಷಿಕೆಯನ್ನು ಎರಡು ಸಾಲಿಗೆ ಕತ್ತರಿಸುವ ಲೈನ್-ಕ್ಲ್ಯಾಂಪ್ ಬಂದರಂತೂ, ಅದು ಹೊರಚಾಚಿದ್ದನ್ನೆಲ್ಲ ಮರೆಮಾಡುವುದರಿಂದ, ಕೊನೆಯ ಸಾಲಿನ ಒತ್ತಕ್ಷರಗಳ ಬುಡವೇ ಹಾರಿಹೋಗುತ್ತದೆ. ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸಲು ಹೋದರೆ ‘ಸ್ತ್ರೀ’ ಎಂಬುದರಲ್ಲಿ ಮೊದಲ ಅಕ್ಷರ ಎಲ್ಲಿಯವರೆಗೆ ಎಂಬ ಪ್ರಶ್ನೆ. ಯೂನಿಕೋಡ್‌ನ ಸಾಮಾನ್ಯ ಎಣಿಕೆ ಹಲಂತ ಚಿಹ್ನೆ ಸೇರಿದ ‘ಸ್’ಗೇ ಮೊದಲ ತುಂಡು ಮುಗಿಸುತ್ತದೆ, ನಮಗೆ ಬೇಕಾದದ್ದು ಇಡೀ ‘ಸ್ತ್ರೀ’. ಇಂಥ ಪ್ರಶ್ನೆಗಳು ಕ್ಯಾಲಿಫೋರ್ನಿಯಾದ ಯಾವುದೇ ಒಂದು ಕಂಪನಿಯ ಆದ್ಯತೆಯ ಪಟ್ಟಿಯಲ್ಲಿ ಮೇಲೆ ಬರುವಂಥವಲ್ಲ. ಎಂಜಿನ್ ಒಂದೇ ಆದರೆ ನಮ್ಮ ದೂರು ಆ ಒಂದು ಬಾಗಿಲಲ್ಲಿ ಕಾಯುತ್ತದೆ. ಎರಡು ಮೂರಿದ್ದರೆ ಒಂದರಲ್ಲಿ ಸರಿಹೋದದ್ದನ್ನು ತೋರಿಸಿ ಇನ್ನೊಂದನ್ನು ಕೇಳಬಹುದು.

ಎಂಜಿನ್‌ಗಳನ್ನು ಉಳಿಸಿಕೊಂಡೇ ವ್ಯತ್ಯಾಸ ಕಡಿಮೆ ಮಾಡಲು ಬರುತ್ತದೆ ಎಂಬುದಕ್ಕೆ ಈಗ ಸಾಕ್ಷಿಯಿದೆ. 2022ರಿಂದ ಇಂಟರಾಪ್ ಎಂಬ ಹೆಸರಿನಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ, ಜತೆಗೆ ಇಗಾಲಿಯಾ ಮತ್ತು ಬೊಕೂಪ್ ಸಂಸ್ಥೆಗಳು ಪ್ರತಿವರ್ಷ ಕೂತು, ಹೆಚ್ಚು ಕಾಟ ಕೊಡುವ ವ್ಯತ್ಯಾಸಗಳನ್ನು ಆರಿಸಿ, ಎಲ್ಲರಿಗೂ ತೆರೆದ ಒಂದೇ ಪರೀಕ್ಷಾ ಸಂಗ್ರಹದಲ್ಲಿ ತಮ್ಮ ಅಂಕ ಪ್ರಕಟಿಸುತ್ತಿವೆ. ಒಳಗಿನ ಪೆಟ್ಟಿಗೆಗಳು ಹೊರಗಿನ ಗ್ರಿಡ್‌ನ ಗೆರೆಗಳಿಗೇ ಹೊಂದಿಕೊಳ್ಳುವ ಸಬ್‌ಗ್ರಿಡ್ ಫೈರ್‌ಫಾಕ್ಸ್‌ಗೆ 2019ರಲ್ಲೇ ಬಂದಿತ್ತು. ಸಫಾರಿಗೆ 2022ರಲ್ಲಿ, ಕ್ರೋಮ್‌ಗೆ 2023ರಲ್ಲಿ ಬಂತು. ಸಣ್ಣ ಎಂಜಿನ್ ಮುಂದೆ ನಡೆದು ದೊಡ್ಡದು ಹಿಂದೆ ಬಂದ ಉದಾಹರಣೆ ಇದು. ಫೈರ್‌ಫಾಕ್ಸ್ ಅಷ್ಟರಲ್ಲಿ ಮುಚ್ಚಿಹೋಗಿದ್ದರೆ ಸಬ್‌ಗ್ರಿಡ್ ಕೆಲಸ ಮಾಡುತ್ತದೆಂದು ತೋರಿಸುವವರು ಯಾರಿದ್ದರು?

ಆದ್ದರಿಂದ ಟೆಂಡರು ಬರೆಯುವವರಲ್ಲಿ, ಪುಟ ಮಾಡಿಸುವ ಪತ್ರಿಕೆಗಳಲ್ಲಿ, ಪ್ರಕಾಶಕರಲ್ಲಿ ಒಂದು ಕೋರಿಕೆ. ಒಂದೇ ರೀತಿ ಕಾಣತಕ್ಕದ್ದು ಎಂಬ ಸಾಲನ್ನು ಹೊಡೆದುಹಾಕಿ. ಅದರ ಬದಲು, ಬರಹ ಎಲ್ಲ ಬ್ರೌಸರಿನಲ್ಲೂ ಓದಲು ಬರಬೇಕು, ಅರ್ಜಿ ತುಂಬಿ ಕಳಿಸಲು ಬರಬೇಕು ಎಂದು ಬರೆಯಿರಿ. ಬ್ರೌಸರಿನ ಹೆಸರು ನೋಡಿ ಪುಟ ಬದಲಿಸುವಂತಿಲ್ಲ ಎಂದು ಸೇರಿಸಿ. ಒಪ್ಪಿಸುವ ಮುನ್ನ ಕನಿಷ್ಠ ಎರಡು ಬೇರೆ ಎಂಜಿನ್‌ಗಳಲ್ಲಿ, ಒಂದು ಅಗ್ಗದ ಫೋನಿನಲ್ಲಿ ತೋರಿಸಲು ಹೇಳಿ; ಕ್ರೋಮ್ ಮತ್ತು ಎಡ್ಜ್ ತೋರಿಸಿದರೆ ಅದು ಒಂದೇ ಎಂಜಿನ್ ಎಂದು ನೆನಪಿರಲಿ. ಡಿಸೈನರ್ ತರುವ ಮಾದರಿ ಪುಟದಲ್ಲಿ ಲೋರೆಮ್ ಇಪ್ಸಮ್ ಎಂಬ ತುಂಬುಬರಹ ಕಂಡರೆ ವಾಪಸು ಕಳಿಸಿ, ಒತ್ತಕ್ಷರ ತುಂಬಿದ ಒಂದು ಪುಟ ಕನ್ನಡ ಗದ್ಯ ಕೊಟ್ಟು ಅದರಲ್ಲೇ ಕಟ್ಟಿ ತರಲು ಹೇಳಿ.